ಆಸ್ಪತ್ರೆ ಹಾಸಿಗೆಯಿಂದಲೇ ಒಂದು ತನಿಖೆ: 'ದ ಡಾಟರ್ ಆಫ್ ಟೈಮ್' ಓದಿದವರು ಏನಂತೀರಿ?

ಸಂಜೆಓದು

ಜೋಸೆಫೀನ್ ಟೇ ಬರೆದ 'ದ ಡಾಟರ್ ಆಫ್ ಟೈಮ್' ಓದಿ ಮುಗಿಸಿದೆ. 1951ರ ಪುಸ್ತಕ. ಬ್ರಿಟನ್ನಿನ ಅಪರಾಧ ಕಾದಂಬರಿಕಾರರ ಸಂಘ 1990ರಲ್ಲಿ ಸಾರ್ವಕಾಲಿಕ ನೂರು ಕಾದಂಬರಿಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಕೊಟ್ಟಿದ್ದು ಇದಕ್ಕೇ. ಇಲ್ಲಿ ಕೊನೆಯವರೆಗೂ ಎಲ್ಲವನ್ನೂ ಬಿಚ್ಚಿ ಮಾತಾಡೋಣ. ಓದದವರು ದಯವಿಟ್ಟು ಓದಿ ಬನ್ನಿ.

ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡ್ ಯಾರ್ಡಿನ ಇನ್‌ಸ್ಪೆಕ್ಟರ್ ಅಲನ್ ಗ್ರಾಂಟ್ ಒಬ್ಬ ಅಪರಾಧಿಯ ಬೆನ್ನಟ್ಟುವಾಗ ನೆಲದಲ್ಲಿದ್ದ ಕಿಂಡಿಬಾಗಿಲಿನೊಳಗೆ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಆಸ್ಪತ್ರೆಯ ಸೂರು ನೋಡುತ್ತಾ ಮಲಗಿ ಬೇಸತ್ತಿದ್ದಾನೆ. ಮುಖ ನೋಡಿ ಮನುಷ್ಯನನ್ನು ಅಳೆಯಬಲ್ಲೆ ಎಂಬ ಹೆಮ್ಮೆ ಅವನಿಗೆ. ಗೆಳತಿ, ನಟಿ ಮಾರ್ಟಾ ಹಲ್ಲಾರ್ಡ್ ಹಳೆಯ ಭಾವಚಿತ್ರಗಳ ಒಂದು ಕಟ್ಟು ತಂದುಕೊಡುತ್ತಾಳೆ. ಒಂದು ಮುಖ ಅವನನ್ನು ಹಿಡಿದು ನಿಲ್ಲಿಸುತ್ತದೆ. ಯಾರೋ ನ್ಯಾಯಾಧೀಶ ಇರಬೇಕು, ತುಂಬ ನೋವುಂಡವನು ಅಂದುಕೊಂಡು ಹಿಂದೆ ತಿರುಗಿಸಿ ನೋಡಿದರೆ ಮೂರನೇ ರಿಚರ್ಡ್! ಅಣ್ಣನ ಇಬ್ಬರು ಮಕ್ಕಳನ್ನು ಲಂಡನ್ ಕೋಟೆಯಲ್ಲಿ ಕೊಲ್ಲಿಸಿದ ಎಂದು ಇಂಗ್ಲೆಂಡಿನ ಪ್ರತಿ ಶಾಲಾ ಪುಸ್ತಕವೂ ಹೇಳುವ ರಾಜ. ಗ್ರಾಂಟ್ ಹಾಸಿಗೆಯಲ್ಲೇ ಆ ಕೇಸನ್ನು ಮತ್ತೆ ತೆರೆಯುತ್ತಾನೆ. ಓಡಾಡುವ ಕೆಲಸಕ್ಕೆ ಬ್ರೆಂಟ್ ಕ್ಯಾರಡೈನ್ ಎಂಬ ಅಮೆರಿಕದ ಹುಡುಗ. ದಿನಾ ಬ್ರಿಟಿಷ್ ಮ್ಯೂಸಿಯಮ್ಮಿನ ದಾಖಲೆ ತಿರುವಿ ಬಂದು ವರದಿ ಒಪ್ಪಿಸುತ್ತಾನೆ.

ನನಗೆ ಅನ್ನಿಸಿದ್ದು ಇಷ್ಟು. ತನಿಖೆಯ ರೀತಿ ಅದ್ಭುತ. ಐನೂರು ವರ್ಷದ ಹಿಂದಿನ ಕೇಸಿಗೆ ಠಾಣೆಯ ಪ್ರಶ್ನೆಗಳನ್ನೇ ಕೇಳುತ್ತಾನೆ. ಆ ದಿನ ಯಾರು ಎಲ್ಲಿದ್ದರು? ಲಾಭ ಯಾರಿಗೆ? ಈ ಮಾತು ಮೊದಲು ಹೇಳಿದ್ದು ಯಾರು, ಅವನಿಗೆ ಹೇಳಿದ್ದು ಯಾರು? ಆದರೆ ರಿಚರ್ಡ್ ನಿರಪರಾಧಿ ಅನ್ನುವ ತೀರ್ಪು ಮೊದಲ ಅಧ್ಯಾಯಗಳಲ್ಲೇ ಆಗಿಹೋಗಿದೆ. ಮುಖ ನೋಡಿ. ಆಮೇಲೆ ಸಿಗುವ ಪ್ರತಿ ಕಾಗದವೂ ಆ ತೀರ್ಪಿಗೆ ಬೆಂಬಲವಾಗಿ ಬಂದು ಕೂರುತ್ತದೆ. ನಿಮಗೆ ಹಾಗನ್ನಿಸಲಿಲ್ವಾ?

ನಿವೃತ್ತ_ಎಸ್‌ಐ

ಅನ್ನಿಸಿತು. ಆದರೂ ನಾನು ಗ್ರಾಂಟನ ಪರ.

ಮೂರು ದಶಕ ಇಲಾಖೆಯಲ್ಲಿ ಕೆಲಸ ಮಾಡಿದವನು ನಾನು. ಮೊದಲ ನೋಟಕ್ಕೇ ಒಂದು ಊಹೆ ಹುಟ್ಟುವುದು ಸಹಜ, ಅದಿಲ್ಲದೆ ತನಿಖೆ ಶುರುವೇ ಆಗುವುದಿಲ್ಲ. ಆ ಊಹೆಯನ್ನು ಕಾಗದದ ಮುಂದೆ ನಿಲ್ಲಿಸಿ ನೋಡುತ್ತೀರಾ ಇಲ್ಲವಾ ಅನ್ನುವುದೇ ಮುಖ್ಯ. ಗ್ರಾಂಟ್ ನಿಲ್ಲಿಸಿ ನೋಡುತ್ತಾನೆ.

ಥಾಮಸ್ ಮೋರ್ ವಿಷಯ ತೆಗೆದುಕೊಳ್ಳಿ. ರಿಚರ್ಡ್ ಕೊಲೆಗಾರ ಅನ್ನುವುದಕ್ಕೆ ಎಲ್ಲರೂ ತೋರಿಸುವುದು ಮೋರ್ ಬರೆದ ಚರಿತ್ರೆಯನ್ನು. ಗ್ರಾಂಟ್ ಅದನ್ನು ಓದುತ್ತಾ ಓದುತ್ತಾ ಎದ್ದು ಕೂರುತ್ತಾನೆ. ಮೋರ್ ಹುಟ್ಟಿದ್ದು 1478ರಲ್ಲಿ. ರಿಚರ್ಡ್ ಪಟ್ಟಕ್ಕೆ ಬಂದಾಗ ಅವನು ಐದು ವರ್ಷದ ಮಗು. ಕಣ್ಣಾರೆ ಕಂಡಿದ್ದು ಏನೂ ಇಲ್ಲ. ಹುಡುಗನಾಗಿದ್ದಾಗ ಅವನು ಬೆಳೆದದ್ದು ಜಾನ್ ಮಾರ್ಟನ್ ಮನೆಯಲ್ಲಿ. ಮಾರ್ಟನ್ ಯಾರು? ರಿಚರ್ಡನ ಕಡುವೈರಿ, ರಿಚರ್ಡನನ್ನು ಕೊಂದು ಸಿಂಹಾಸನ ಏರಿದ ಏಳನೇ ಹೆನ್ರಿಯ ಬಲಗೈ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್. ನಮ್ಮ ಕಡೆ ಯಾವ ತನಿಖಾಧಿಕಾರಿಯಾದರೂ ಇಂಥ ಸಾಕ್ಷಿಯನ್ನು ಚಾರ್ಜ್‌ಶೀಟಿನಲ್ಲಿ ಮೊದಲ ಸಾಕ್ಷಿ ಮಾಡಿದರೆ ಸರ್ಕಾರಿ ವಕೀಲರೇ ವಾಪಸ್ ಕಳಿಸುತ್ತಾರೆ. ಬೇರೆಯವರು ಹೇಳಿದ್ದನ್ನು ಕೇಳಿದೆ ಅನ್ನುವುದು ಸಾಕ್ಷ್ಯ ಅಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು. ಆ ಕಾಯ್ದೆ ಬರೆದವನೂ ಇಂಗ್ಲಿಷಿನವನೇ, ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್.

ಇನ್ನು ರಿಚರ್ಡನ ಬಂಟ ಜೇಮ್ಸ್ ಟೈರೆಲ್ ತಪ್ಪೊಪ್ಪಿಗೆ. ಮಕ್ಕಳನ್ನು ಕೊಲ್ಲಿಸಿದ್ದು ನಾನೇ ಅಂತ ಅವನು ಒಪ್ಪಿಕೊಂಡನಂತೆ. ಯಾವಾಗ? ಬೇರೆ ರಾಜದ್ರೋಹದ ಕೇಸಿನಲ್ಲಿ 1502ರಲ್ಲಿ ತಲೆ ಹೋಗುವ ಹೊತ್ತಿಗೆ. ಆ ಕಾಗದ ಎಲ್ಲಿದೆ? ಇಲ್ಲ. ಯಾರೂ ಕಂಡಿಲ್ಲ. ನಮ್ಮಲ್ಲಿ ಪೊಲೀಸರ ಮುಂದೆ ಹೇಳಿಕೆ ಕೊಟ್ಟು ಸಹಿ ಹಾಕಿದರೂ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಇಲ್ಲಿ ಸಹಿ ಹಾಳಾಗಲಿ, ಹೇಳಿಕೆಯೇ ಇಲ್ಲ. ಈ ಭಾಗ ಓದುವಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಇಷ್ಟು ಸಡಿಲ ಕೇಸಿನ ಮೇಲೆ ಒಬ್ಬ ಮನುಷ್ಯನನ್ನು ಐನೂರು ವರ್ಷ ಕೊಲೆಗಾರ ಅಂದಿದ್ದಾರಲ್ಲ!

ಪತ್ತೇದಾರಿಪ್ರಿಯೆ

ನಾನು ಬೇರೆಯೇ ದೂರು ಹೇಳಬೇಕು. ಇದು ಪತ್ತೇದಾರಿ ಕಾದಂಬರಿಯೇ ಅಲ್ಲ ಅನ್ನಿಸಿತು.

ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದಿ ಬೆಳೆದವಳು ನಾನು. ಪತ್ತೇದಾರ ಅಂದರೆ ಓಡಬೇಕು, ಅಡಗಬೇಕು, ವೇಷ ಹಾಕಬೇಕು, ಅಪಾಯಕ್ಕೆ ಸಿಕ್ಕಬೇಕು. ಇಲ್ಲಿ ಒಬ್ಬ ಮಲಗಿದ್ದಾನೆ, ಇನ್ನೊಬ್ಬ ಬಂದು ಕುರ್ಚಿ ಎಳೆದು ಕೂರುತ್ತಾನೆ, ಇಬ್ಬರೂ ಮಾತಾಡುತ್ತಾರೆ. ಮರುದಿನ ಮತ್ತೆ ಅದೇ. ಕ್ಯಾರಡೈನ್ ಹೊಸ ಸುದ್ದಿ ತರುತ್ತಾನೆ, ಗ್ರಾಂಟ್ ಆಹಾ ಅನ್ನುತ್ತಾನೆ. ಯಾರಿಗೂ ಅಪಾಯ ಇಲ್ಲ. ಅಪರಾಧಿ ಸಿಕ್ಕರೂ ಹಿಡಿಯುವ ಹಾಗಿಲ್ಲ, ಸತ್ತು ಶತಮಾನಗಳಾಗಿವೆ. ಮೊದಲ ಸ್ಥಾನ ಕೊಟ್ಟಿದ್ದು ಯಾಕೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಮೊದಲಸಲ_ಓದು

ನನಗೆ ಅದಕ್ಕಿಂತ ದೊಡ್ಡ ತೊಂದರೆ ಹೆಸರುಗಳದ್ದು. ಎಲ್ಲರೂ ಎಡ್ವರ್ಡ್, ಎಲ್ಲರೂ ರಿಚರ್ಡ್, ಎಲ್ಲ ಹೆಂಗಸರೂ ಎಲಿಜಬೆತ್. ನೂರು ಪುಟ ದಾಟುವ ಹೊತ್ತಿಗೆ ಯಾರು ಯಾರ ಮಗ ಅನ್ನುವುದೇ ಕೈಬಿಟ್ಟುಹೋಯಿತು. ಯಾರಾದರೂ ಸರಳವಾಗಿ ಹೇಳ್ತೀರಾ?

ಇತಿಹಾಸದಮೇಷ್ಟ್ರು

ಹೇಳ್ತೀನಿ, ಇಷ್ಟು ತಿಳಿದರೆ ಸಾಕು.

ನಾಲ್ಕನೇ ಎಡ್ವರ್ಡ್ 1483ರ ಏಪ್ರಿಲ್ 9ರಂದು ತೀರಿಕೊಂಡ. ಹೆಂಡತಿ ಎಲಿಜಬೆತ್ ವುಡ್‌ವಿಲ್. ಅವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಎಡ್ವರ್ಡ್, ಹನ್ನೆರಡು ವರ್ಷ, ಹೆಸರಿಗೆ ಐದನೇ ಎಡ್ವರ್ಡ್. ಚಿಕ್ಕವನು ರಿಚರ್ಡ್, ಒಂಬತ್ತು ವರ್ಷ. ಹೆಣ್ಣುಮಕ್ಕಳಲ್ಲಿ ಹಿರಿಯವಳು ಇನ್ನೊಬ್ಬ ಎಲಿಜಬೆತ್. ಸತ್ತ ರಾಜನ ತಮ್ಮ ನಮ್ಮ ರಿಚರ್ಡ್, ಮಕ್ಕಳ ಚಿಕ್ಕಪ್ಪ, ಅವರ ಪಾಲಕ. ಜೂನ್ ಹೊತ್ತಿಗೆ ಒಂದು ವಿಷಯ ಹೊರಬಂತು. ಸತ್ತ ರಾಜ ವುಡ್‌ವಿಲ್‌ಳನ್ನು ಮದುವೆಯಾಗುವ ಮೊದಲೇ ಎಲೀನರ್ ಬಟ್ಲರ್ ಎಂಬ ಹೆಂಗಸಿನ ಜೊತೆ ವಿವಾಹ ಒಪ್ಪಂದ ಮಾಡಿಕೊಂಡಿದ್ದನಂತೆ. ಹಾಗಾದರೆ ಎರಡನೇ ಮದುವೆ ಸಿಂಧುವಲ್ಲ, ಮಕ್ಕಳಿಗೆ ಪಟ್ಟದ ಹಕ್ಕಿಲ್ಲ. ಜುಲೈ 6ರಂದು ರಿಚರ್ಡ್ ತಾನೇ ಕಿರೀಟ ಧರಿಸಿದ. ಮಕ್ಕಳು ಕೋಟೆಯಲ್ಲಿದ್ದರು. ಆಮೇಲೆ ಯಾರಿಗೂ ಕಾಣಿಸಲಿಲ್ಲ.

ಎರಡು ವರ್ಷ ಕಳೆದು, 1485ರ ಆಗಸ್ಟ್ 22ರಂದು ಬಾಸ್‌ವರ್ತ್ ಯುದ್ಧದಲ್ಲಿ ರಿಚರ್ಡ್ ಸತ್ತ. ಗೆದ್ದವನು ಹೆನ್ರಿ ಟ್ಯೂಡರ್, ಅಂದರೆ ಏಳನೇ ಹೆನ್ರಿ. ಅವನು ಮದುವೆಯಾಗಿದ್ದು ಆ ಹಿರಿಯ ಹುಡುಗಿ ಎಲಿಜಬೆತ್‌ಳನ್ನು. ಇಡೀ ಕಾದಂಬರಿಯ ಕೀಲಿ ಇರುವುದು ಈ ಮದುವೆಯಲ್ಲಿ. ಅವಳು ರಾಣಿಯಾಗಬೇಕಾದರೆ ಅಪ್ಪ ಅಮ್ಮನ ಮದುವೆ ಸಿಂಧು ಆಗಬೇಕು. ಹೆನ್ರಿಯ ಪಾರ್ಲಿಮೆಂಟ್, ಆ ಮದುವೆ ಸಿಂಧುವಲ್ಲ ಅಂದಿದ್ದ ರಿಚರ್ಡನ ಕಾಲದ ಕಾಯ್ದೆಯನ್ನು ಓದದೆಯೇ ರದ್ದು ಮಾಡಿತು, ಪ್ರತಿಗಳನ್ನು ನಾಶ ಮಾಡಲು ಹೇಳಿತು. ಆದರೆ ಮದುವೆ ಸಿಂಧು ಆದ ಕ್ಷಣವೇ ತಮ್ಮಂದಿರಿಗೂ ಹಕ್ಕು ವಾಪಸ್ ಬಂತಲ್ಲ! ಬದುಕಿದ್ದರೆ ಅವರೇ ರಾಜರು. ಹಾಗಾಗಿ ಮಕ್ಕಳು ಸಾಯುವುದು ರಿಚರ್ಡನಿಗಿಂತ ಹೆನ್ರಿಗೆ ಜಾಸ್ತಿ ಬೇಕಿತ್ತು ಎನ್ನುತ್ತಾನೆ ಗ್ರಾಂಟ್.

ಮೊದಲಸಲ_ಓದು

ಮೇಷ್ಟ್ರೇ, ತುಂಬ ಥ್ಯಾಂಕ್ಸ್. ಈಗ ಮತ್ತೆ ಮೊದಲಿಂದ ಓದ್ತೀನಿ.

ಸಂಜೆಓದು

ಪತ್ತೇದಾರಿಪ್ರಿಯೆ ಅವರೇ, ಓಟ ಇಲ್ಲ ಅನ್ನುವುದು ಸರಿ. ಆದರೆ ನನಗೆ ಎದೆ ಬಡಿದ ಜಾಗಗಳಿವೆ. ಹೆನ್ರಿ ತನ್ನ ಆಳ್ವಿಕೆಯ ಶುರುವನ್ನು ಯುದ್ಧದ ಹಿಂದಿನ ದಿನಕ್ಕೆ ಹಾಕಿಸಿಕೊಂಡ ವಿಷಯ ಬರುತ್ತದಲ್ಲ, ಅದು. ಒಂದು ದಿನ ಹಿಂದಕ್ಕೆ ತಳ್ಳಿದ್ದೇ ತಡ, ಮರುದಿನ ತಮ್ಮ ರಾಜನ ಪರವಾಗಿ ಹೋರಾಡಿದ ಸೈನಿಕರೆಲ್ಲ ರಾಜದ್ರೋಹಿಗಳಾದರು! ಅವರ ಆಸ್ತಿ ಕಿತ್ತುಕೊಳ್ಳಬಹುದು. ಒಂದು ತಾರೀಖನ್ನು ತಿದ್ದಿ ಇಷ್ಟು ಮಾಡಬಹುದಾ ಅಂತ ಬೆರಗಾಯಿತು. ಯಾವ ಬೆನ್ನಟ್ಟುವ ದೃಶ್ಯವೂ ನನ್ನನ್ನು ಹಾಗೆ ಅಲುಗಾಡಿಸಿಲ್ಲ.

ಟೈರೆಲ್‌ಗೆ ಹೆನ್ರಿ 1486ರ ಜೂನ್‌ನಲ್ಲಿ ಒಂದು ಕ್ಷಮಾಪತ್ರ ಕೊಟ್ಟು, ಮತ್ತೆ ಜುಲೈನಲ್ಲಿ ಇನ್ನೊಂದು ಕೊಟ್ಟಿದ್ದು ಕೂಡ. ತಿಂಗಳ ಅಂತರದಲ್ಲಿ ಎರಡು ಕ್ಷಮೆ ಯಾಕೆ? ನಡುವೆ ಏನಾಯಿತು? ಗ್ರಾಂಟ್ ಆ ಪ್ರಶ್ನೆ ಕೇಳಿದಾಗ ನಾನು ಪುಸ್ತಕ ಕೆಳಗಿಡಲಿಲ್ಲ.

ಇತಿಹಾಸದಮೇಷ್ಟ್ರು

ಆ ಎರಡು ಕ್ಷಮಾಪತ್ರಗಳ ಬಗ್ಗೆ ಸ್ವಲ್ಪ ಎಚ್ಚರ. ಅಂಥ ಸಾಮಾನ್ಯ ಕ್ಷಮಾಪತ್ರಗಳನ್ನು ಆಗ ತುಂಬ ಜನ ತೆಗೆದುಕೊಳ್ಳುತ್ತಿದ್ದರು. ಆಸ್ತಿ, ಅಧಿಕಾರದ ತಕರಾರು ಬರದಿರಲಿ ಅಂತ ಮುಂಜಾಗ್ರತೆ. ಅದರಿಂದ ಕೊಲೆಯನ್ನು ಊಹಿಸುವುದು ತೆಳುವಾದ ದಾರ.

ನನ್ನ ದೊಡ್ಡ ತಕರಾರು ಬೇರೆ. ಕಾದಂಬರಿ ಎರಡು ಸಾಕ್ಷಿಗಳನ್ನು ಪಕ್ಕಕ್ಕಿಟ್ಟಿದೆ. ಒಬ್ಬ ಡೊಮಿನಿಕ್ ಮಾನ್ಚಿನಿ. ಇಟಲಿಯವನು, 1483ರ ಆ ಬೇಸಿಗೆಯಲ್ಲಿ ಲಂಡನ್ನಿನಲ್ಲೇ ಇದ್ದ. ಅದೇ ವರ್ಷದ ಕೊನೆಯಲ್ಲಿ ಬರೆದ. ಮಕ್ಕಳು ಕೋಟೆಯ ಒಳಕೋಣೆಗೆ ಹೋದರು, ಕಿಟಕಿಯಲ್ಲಿ ಕಾಣಿಸುವುದು ದಿನದಿಂದ ದಿನಕ್ಕೆ ಕಡಿಮೆಯಾಗಿ ಕೊನೆಗೆ ನಿಂತೇ ಹೋಯಿತು ಅಂತ. ದೊಡ್ಡ ಹುಡುಗ ಸಾವು ಹತ್ತಿರ ಬಂತು ಅಂದುಕೊಂಡು ದಿನಾ ಪಾಪನಿವೇದನೆ, ಪ್ರಾಯಶ್ಚಿತ್ತ ಮಾಡುತ್ತಿದ್ದ ಅಂತ ಅವನ ವೈದ್ಯರೇ ಹೇಳಿದ್ದನ್ನೂ ದಾಖಲಿಸಿದ್ದಾನೆ. ಈ ಬರಹ ಫ್ರಾನ್ಸಿನ ಲೀಲ್ ನಗರದಲ್ಲಿ ಸಿಕ್ಕಿ 1936ರಲ್ಲೇ ಅಚ್ಚಾಗಿತ್ತು. ಕಾದಂಬರಿ ಬಂದಿದ್ದು ಹದಿನೈದು ವರ್ಷ ಆದ ಮೇಲೆ. ಮಾನ್ಚಿನಿಗೆ ಹೆನ್ರಿಯ ಹಂಗಿಲ್ಲ, ಆಗಿನ್ನೂ ಹೆನ್ರಿ ರಾಜನೇ ಅಲ್ಲ. ಗ್ರಾಂಟನ ವಾದದಲ್ಲಿ ಇವನಿಗೆ ಜಾಗವಿಲ್ಲ.

ಇನ್ನೊಂದು 1485ರ ಪಾರ್ಲಿಮೆಂಟಿನ ಕಾಯ್ದೆ. ರಿಚರ್ಡನ ಮೇಲೆ ಆರೋಪ ಹೊರಿಸುವಾಗ ಹೆನ್ರಿ ಮಕ್ಕಳ ಕೊಲೆಯ ಮಾತೇ ಎತ್ತಿಲ್ಲ, ಹಾಗಾದರೆ ಮಕ್ಕಳು ಆಗ ಬದುಕಿದ್ದರು ಅನ್ನುವುದು ಗ್ರಾಂಟನ ಗಟ್ಟಿ ವಾದ. ರಾಜಕುಮಾರರ ಹೆಸರು ಅಲ್ಲಿ ಇಲ್ಲ, ನಿಜ. ಆದರೆ ಎಳೆಯ ಮಕ್ಕಳ ರಕ್ತ ಹರಿಸಿದ ಅನ್ನುವ ಮಾತು ಆ ಕಾಯ್ದೆಯಲ್ಲಿದೆ. ಅದನ್ನು ಓದುಗರಿಗೆ ತೋರಿಸಿ, ಆಮೇಲೆ ಬೇಕಾದರೆ ಒಪ್ಪದಿರಬಹುದಿತ್ತು.

ನಿವೃತ್ತ_ಎಸ್‌ಐ

ಮೇಷ್ಟ್ರೇ, ಇದು ನನಗೆ ಹೊಸದು. ಆಪಾದಿತನಿಗೆ ಅನುಕೂಲವಾದ ದಾಖಲೆಯನ್ನು ಪೊಲೀಸರು ಮುಚ್ಚಿಡಬಾರದು ಅಂತ ನಾವು ಕಲಿತದ್ದು. ಪ್ರತಿಕೂಲವಾದದ್ದನ್ನು ಮುಚ್ಚಿಡುವುದೂ ಅಷ್ಟೇ ಕೆಟ್ಟದ್ದು. ಆದರೂ ಒಂದು ಕೇಳ್ತೀನಿ. ಮಾನ್ಚಿನಿ ಕೊಲೆ ನಡೆದದ್ದನ್ನು ಹೇಳ್ತಾನಾ?

ಇತಿಹಾಸದಮೇಷ್ಟ್ರು

ಇಲ್ಲ. ಸತ್ತರಾ, ಹೇಗೆ ಸತ್ತರು ಅನ್ನುವುದು ತನಗೆ ಗೊತ್ತಾಗಿಲ್ಲ ಅಂತಲೇ ಬರೆದಿದ್ದಾನೆ. ಜುಲೈನಲ್ಲೇ ಇಂಗ್ಲೆಂಡ್ ಬಿಟ್ಟ. ಆದರೆ ಮಕ್ಕಳನ್ನು ಕೊಂದಿದ್ದಾರೆ ಅನ್ನುವ ಗುಮಾನಿ ಆಗಲೇ ಜನರ ಬಾಯಲ್ಲಿತ್ತು, ಆ ಹುಡುಗನ ಹೆಸರೆತ್ತಿದರೆ ಗಂಡಸರು ಅಳುತ್ತಿದ್ದರು ಅನ್ನುತ್ತಾನೆ. ಗುಮಾನಿಯನ್ನು ಹುಟ್ಟುಹಾಕಿದ್ದು ಮಾರ್ಟನ್ನೇ ಅನ್ನುವ ಗ್ರಾಂಟನ ಮಾತಿಗೆ ಇಲ್ಲಿ ಪೆಟ್ಟು ಬೀಳುತ್ತದೆ.

ಲೆಸ್ಟರ್_ಕನ್ನಡಿಗ

ನಾನು ಕೆಲಸಕ್ಕಾಗಿ ಬಂದು ನೆಲೆಸಿರುವುದು ಲೆಸ್ಟರ್ ಊರಿನಲ್ಲಿ. ಹಾಗಾಗಿ ಈ ಮಾತಿಗೆ ಬರದೆ ಇರಲು ಆಗಲಿಲ್ಲ.

ಬಾಸ್‌ವರ್ತ್‌ನಲ್ಲಿ ಸತ್ತ ರಿಚರ್ಡನನ್ನು ಇಲ್ಲಿನ ಗ್ರೇಫ್ರೈಯರ್ಸ್ ಮಠದಲ್ಲಿ ಹೂತಿದ್ದರು. ಮಠ ಹೋಯಿತು, ಜಾಗ ಕೊನೆಗೆ ಕಾರ್ ಪಾರ್ಕಿಂಗ್ ಆಯಿತು. 2012ರಲ್ಲಿ ಅಗೆದಾಗ ಅಸ್ಥಿ ಸಿಕ್ಕಿತು. ರಿಚರ್ಡನ ಅಕ್ಕನ ವಂಶದವರ ಡಿಎನ್‌ಎ ಜೊತೆ ಹೋಲಿಸಿ 2013ರ ಫೆಬ್ರವರಿಯಲ್ಲಿ ಅವನದೇ ಅಂತ ಘೋಷಿಸಿದರು. 2015ರ ಮಾರ್ಚ್ 26ರಂದು ಇಲ್ಲಿನ ಕೆಥೆಡ್ರಲ್‌ನಲ್ಲಿ ಗೌರವದಿಂದ ಮತ್ತೆ ಸಮಾಧಿ ಮಾಡಿದರು. ಅಗೆದ ಜಾಗದ ಪಕ್ಕದ ಹಳೆಯ ಶಾಲಾ ಕಟ್ಟಡದಲ್ಲಿ ಈಗ ಅವನ ಬಗ್ಗೆ ಒಂದು ಪ್ರದರ್ಶನ ಕೇಂದ್ರವಿದೆ. ಸಮಾಧಿಯ ಹಳ್ಳವನ್ನು ಗಾಜಿನ ನೆಲದ ಮೂಲಕ ನೋಡಬಹುದು.

ಅಸ್ಥಿಯಲ್ಲಿ ಸಾಯುವ ಹೊತ್ತಿನ ಹನ್ನೊಂದು ಗಾಯಗಳಿದ್ದವು, ಒಂಬತ್ತು ತಲೆಬುರುಡೆಗೇ. ಹೆಲ್ಮೆಟ್ ಇಲ್ಲದೆ ಶತ್ರುಗಳ ನಡುವೆ ಸಿಕ್ಕಿಬಿದ್ದಿದ್ದಾನೆ. ವಯಸ್ಸು ಮೂವತ್ತೆರಡು. ಓದುವಾಗ ಅವನು ನಡುವಯಸ್ಸಿನವನು ಅಂತಲೇ ನನ್ನ ತಲೆಯಲ್ಲಿತ್ತು, ಆ ಚಿತ್ರದ ಮುಖ ಹಾಗಿದೆ.

ಕಾದಂಬರಿಗೆ ಸಂಬಂಧಿಸಿದ ಮಾತು: ಗೂನು ಬೆನ್ನು, ಒಣಗಿದ ಕೈ, ಇವೆಲ್ಲ ಟ್ಯೂಡರರು ಕಟ್ಟಿದ ಸುಳ್ಳು ಅನ್ನುವುದು ಪುಸ್ತಕದ ನಿಲುವು. ಕೈ ಸರಿಯಾಗಿಯೇ ಇತ್ತು. ಆದರೆ ಬೆನ್ನುಮೂಳೆ ಜೋರಾಗಿಯೇ ಪಕ್ಕಕ್ಕೆ ಬಾಗಿತ್ತು, ಸ್ಕೋಲಿಯೋಸಿಸ್. ಶೇಕ್ಸ್‌ಪಿಯರ್ ನಾಟಕದ ಗೂನು ಅಲ್ಲ, ಒಂದು ಭುಜ ಮೇಲೆ ಕಾಣುತ್ತಿತ್ತು, ಬಟ್ಟೆ ಹಾಕಿದರೆ ಮುಚ್ಚಿಹೋಗುತ್ತಿತ್ತು. ಅಂದರೆ ಶತ್ರುಗಳು ಪೂರ್ತಿ ಸುಳ್ಳು ಹೇಳಿರಲಿಲ್ಲ. ಇದ್ದದ್ದನ್ನು ಹಿಗ್ಗಿಸಿದ್ದರು.

ವಾರ್ಡ್‌ಸಿಸ್ಟರ್

ಲೆಸ್ಟರ್ ಅವರೇ, ಆ ಚಿತ್ರದ ವಿಷಯ ಬಂತಲ್ಲ, ಒಂದು ಮಾತು. ಗ್ರಾಂಟ್ ನೋಡುವ ಚಿತ್ರ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯದ್ದು. ಅದು ಬರೆದದ್ದು ಹದಿನಾರನೇ ಶತಮಾನದ ಕೊನೆಯಲ್ಲಂತೆ. ರಿಚರ್ಡ್ ಸತ್ತು ಸುಮಾರು ನೂರು ವರ್ಷ ಆದ ಮೇಲೆ! ಯಾವುದೋ ಹಳೆಯ ಚಿತ್ರದ ನಕಲು. ಹಾಗಿದ್ದರೆ ಆ ಹಣೆಯ ಗೆರೆ, ಕಣ್ಣಿನ ನೋವು ಯಾರದ್ದು? ರಿಚರ್ಡನದ್ದೋ ನಕಲು ಮಾಡಿದವನದ್ದೋ?

ನನ್ನ ನೋವು ಮಾತ್ರ ಬೇರೆ. ನಾನು ನರ್ಸ್. ಗ್ರಾಂಟ್ ತನ್ನನ್ನು ನೋಡಿಕೊಳ್ಳುವ ಇಬ್ಬರು ನರ್ಸ್‌ಗಳಿಗೆ ಗಾತ್ರ ನೋಡಿ ಅಡ್ಡಹೆಸರು ಇಡುತ್ತಾನೆ. ಒಬ್ಬಳು ಕುಳ್ಳಿ, ಇನ್ನೊಬ್ಬಳು ದೈತ್ಯೆ. ಪುಸ್ತಕದ ಉದ್ದಕ್ಕೂ ಅದೇ. ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದವನನ್ನು ಎತ್ತಿ, ತಿರುಗಿಸಿ, ಮೈ ಒರೆಸುವವರು ಅವರೇ ಅಲ್ವಾ? ಮೈಯ ಆಕಾರ ನೋಡಿ ಒಬ್ಬ ರಾಜನಿಗೆ ಅನ್ಯಾಯವಾಯಿತು ಅಂತ ಪುಸ್ತಕ ಬರೆಯುವಾಗ, ಪಕ್ಕದಲ್ಲೇ ನಿಂತ ಹೆಂಗಸರಿಗೆ ಅದನ್ನೇ ಮಾಡಬಾರದಿತ್ತು.

ಆದರೆ ಆಸ್ಪತ್ರೆಯ ವಾತಾವರಣ ಮಾತ್ರ ನೂರಕ್ಕೆ ನೂರು ನಿಜ. ಉದ್ದ ಮಧ್ಯಾಹ್ನಗಳು, ಸಂದರ್ಶಕರ ಸಮಯಕ್ಕೆ ಕಾಯುವುದು, ಒಂದೇ ಗೋಡೆ. ರೋಗಿಗೆ ಮನಸ್ಸು ತೊಡಗಿಸಲು ಏನಾದರೂ ಸಿಕ್ಕರೆ ಎಷ್ಟು ಬೇಗ ಚೇತರಿಸಿಕೊಳ್ಳುತ್ತಾರೆ ಅನ್ನುವುದನ್ನು ದಿನಾ ನೋಡುತ್ತೇನೆ. ಆ ಭಾಗ ಬರೆದವರಿಗೆ ಹಾಸಿಗೆಯಲ್ಲಿ ಮಲಗುವುದು ಗೊತ್ತಿತ್ತು.

ಸಂಜೆಓದು

ವಾರ್ಡ್‌ಸಿಸ್ಟರ್ ಅವರೇ, ಇದನ್ನು ಯಾವ ವಿಮರ್ಶೆಯಲ್ಲೂ ಓದಿರಲಿಲ್ಲ. ನಾನು ಹೇಳಿದ ಮುಖದ ಮಾತಿಗೂ ಇದಕ್ಕೂ ನೇರ ಸಂಬಂಧ ಇದೆ. ಸರ್ಜನ್, ನರ್ಸ್, ಸಾರ್ಜೆಂಟ್ ವಿಲಿಯಮ್ಸ್, ಬಂದವರಿಗೆಲ್ಲ ಗ್ರಾಂಟ್ ಆ ಚಿತ್ರ ತೋರಿಸುತ್ತಾನಲ್ಲ? ವೈದ್ಯರಿಗೆ ಪೋಲಿಯೊ ಕಾಣುತ್ತದೆ. ವಿಲಿಯಮ್ಸ್‌ಗೆ ಕಟಕಟೆಯ ಬದಲು ನ್ಯಾಯಪೀಠ ಕಾಣುತ್ತದೆ. ಪ್ರತಿಯೊಬ್ಬರೂ ತಮ್ಮ ಕಸುಬನ್ನೇ ಆ ಮುಖದಲ್ಲಿ ನೋಡುತ್ತಾರೆ. ಇಷ್ಟು ಚೆನ್ನಾಗಿ ಬರೆದ ಟೇ, ಗ್ರಾಂಟ್ ಕೂಡ ಹಾಗೇ ಮಾಡುತ್ತಿದ್ದಾನೆ ಅನ್ನುವುದನ್ನು ಯಾಕೆ ಮುಂದುವರಿಸಲಿಲ್ಲ?

ಟೇ ಬಗ್ಗೆಯೂ ಎರಡು ಮಾತು. ಅದು ಕಾವ್ಯನಾಮ. ನಿಜ ಹೆಸರು ಎಲಿಜಬೆತ್ ಮ್ಯಾಕಿಂಟಾಷ್, ಸ್ಕಾಟ್ಲೆಂಡಿನ ಇನ್ವರ್ನೆಸ್ ಊರಿನವರು, 1896ರಲ್ಲಿ ಹುಟ್ಟಿದ್ದು. ವ್ಯಾಯಾಮ ಶಿಕ್ಷಕಿಯಾಗಿದ್ದರು. ಗಾರ್ಡನ್ ಡೇವಿಯಟ್ ಎಂಬ ಗಂಡು ಹೆಸರಿನಲ್ಲಿ ನಾಟಕ ಬರೆದರು. ಎರಡನೇ ರಿಚರ್ಡನ ಮೇಲೆ ಬರೆದ ನಾಟಕದಲ್ಲಿ ಜಾನ್ ಗೀಲ್‌ಗುಡ್ ನಟಿಸಿ ಹೆಸರು ಮಾಡಿದರು. ಈ ಕಾದಂಬರಿ ಬಂದ ಮರುವರ್ಷವೇ, 1952ರ ಫೆಬ್ರವರಿಯಲ್ಲಿ ಟೇ ತೀರಿಕೊಂಡರು. ಕಾಯಿಲೆ ಇದ್ದದ್ದು ಹತ್ತಿರದ ಗೆಳೆಯರಿಗೂ ಗೊತ್ತಿರಲಿಲ್ಲ. ಆಸ್ತಿಯನ್ನು ನ್ಯಾಷನಲ್ ಟ್ರಸ್ಟ್‌ಗೆ ಬರೆದಿಟ್ಟಿದ್ದರು.

ನಿವೃತ್ತ_ಎಸ್‌ಐ

ಮುಖದ ವಾದವನ್ನು ಬಿಟ್ಟುಕೊಡುತ್ತೇನೆ, ಅದು ಕೇಸಿಗೆ ಬೇಕೂ ಇಲ್ಲ. ನನಗೆ ಇನ್ನೂ ಕಾಡುವುದು ತಾಯಿಯ ನಡತೆ. ಮಕ್ಕಳ ತಾಯಿ ಎಲಿಜಬೆತ್ ವುಡ್‌ವಿಲ್ ರಿಚರ್ಡನಿಗೆ ಹೆದರಿ ಹೆಣ್ಣುಮಕ್ಕಳ ಜೊತೆ ವೆಸ್ಟ್‌ಮಿನ್‌ಸ್ಟರ್ ಚರ್ಚಿನ ಆಸರೆಯಲ್ಲಿದ್ದಳು. 1484ರ ಮಾರ್ಚ್‌ನಲ್ಲಿ ಹೊರಗೆ ಬಂದಳು. ಹುಡುಗಿಯರು ಅರಮನೆಯ ಹಬ್ಬದಲ್ಲಿ ಕುಣಿದರು. ಗಂಡುಮಕ್ಕಳನ್ನು ಕೊಂದವನ ಮನೆಗೆ ಯಾವ ತಾಯಿ ಹೆಣ್ಣುಮಕ್ಕಳನ್ನು ಕಳಿಸುತ್ತಾಳೆ? ಗ್ರಾಂಟ್ ಇಲ್ಲಿ ಗೆದ್ದ ಅಂತಲೇ ನನ್ನ ನಂಬಿಕೆ. ಕೇಸಿನಲ್ಲಿ ಜನರ ಬಾಯಿಗಿಂತ ನಡತೆ ದೊಡ್ಡ ಸಾಕ್ಷಿ.

ವಾರ್ಡ್‌ಸಿಸ್ಟರ್

ಸರ್, ತಾಯಿಯಾಗಿ ಇದಕ್ಕೆ ನಾನು ಉತ್ತರ ಕೊಡಬೇಕು. ಅವಳು ಹತ್ತು ತಿಂಗಳು ಒಳಗಿದ್ದಳು. ಐದು ಜನ ಹೆಣ್ಣುಮಕ್ಕಳು. ದುಡ್ಡಿಲ್ಲ, ಪಕ್ಷದವರು ಸತ್ತಿದ್ದಾರೆ ಇಲ್ಲವೇ ಓಡಿಹೋಗಿದ್ದಾರೆ, ಹೊರಗೆ ಸೈನಿಕರ ಕಾವಲು. ಎಷ್ಟು ದಿನ ಹಾಗೆ ಇರಬಹುದು? ಉಳಿದ ಮಕ್ಕಳಿಗಾಗಿ ಹೆಂಗಸರು ಯಾರ ಮನೆಯ ಬಾಗಿಲಿಗೂ ಹೋಗುತ್ತಾರೆ. ಒಳಗೆ ಏನು ಸುಡುತ್ತಿದೆ ಅನ್ನುವುದು ಬೇರೆ. ನಕ್ಕರು, ಕುಣಿದರು, ಹಾಗಾಗಿ ನೋವಿರಲಿಲ್ಲ ಅನ್ನುವ ತರ್ಕವನ್ನು ನಾನು ಒಪ್ಪಲಾರೆ.

ಇತಿಹಾಸದಮೇಷ್ಟ್ರು

ಸಿಸ್ಟರ್ ಹೇಳಿದ್ದಕ್ಕೆ ದಾಖಲೆಯ ಬಲವೇ ಇದೆ. ಅವಳು ಹೊರಗೆ ಬರುವ ಮೊದಲು ರಿಚರ್ಡ್ 1484ರ ಮಾರ್ಚ್ 1ರಂದು ಲಾರ್ಡ್‌ಗಳು, ಬಿಷಪ್ಪರು, ಲಂಡನ್ ಮೇಯರ್ ಮುಂದೆ ಬಹಿರಂಗವಾಗಿ ಪ್ರಮಾಣ ಮಾಡಬೇಕಾಯಿತು. ಹುಡುಗಿಯರ ಪ್ರಾಣಕ್ಕೆ ಅಪಾಯ ಇಲ್ಲ, ಅವರನ್ನು ಕೋಟೆಯಲ್ಲಿ ಸೆರೆ ಇಡುವುದಿಲ್ಲ ಅಂತ. ನಂಬಿದ ಹೆಂಗಸು ಇಷ್ಟು ದೊಡ್ಡ ಪ್ರಮಾಣ ಕೇಳುತ್ತಾಳಾ? ಗಂಡುಮಕ್ಕಳ ಬಗ್ಗೆ ಆ ಪ್ರಮಾಣದಲ್ಲಿ ಒಂದು ಮಾತೂ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಇದು. ವುಡ್‌ವಿಲ್‌ಳಿಗೆ ಮೊದಲ ಗಂಡನಿಂದ ಹುಟ್ಟಿದ ಮಗನೊಬ್ಬನಿದ್ದ, ರಿಚರ್ಡ್ ಗ್ರೇ. ಅವನನ್ನೂ ಅವಳ ತಮ್ಮ ರಿವರ್ಸ್‌ನನ್ನೂ 1483ರ ಜೂನ್ 25ರಂದು ಪಾಂಟಿಫ್ರಾಕ್ಟ್‌ನಲ್ಲಿ ತಲೆ ಕಡಿಸಿದ್ದು ರಿಚರ್ಡನೇ. ಇದರಲ್ಲಿ ಯಾರಿಗೂ ಅನುಮಾನವಿಲ್ಲ. ಅಂದರೆ ಒಬ್ಬ ಮಗನನ್ನು ಕೊಂದವನು ಅಂತ ಖಚಿತವಾಗಿ ಗೊತ್ತಿದ್ದೂ ಅವಳು ಹೊರಗೆ ಬಂದಳು. ಹಾಗಾದ ಮೇಲೆ, ಅವಳು ಹೊರಗೆ ಬಂದದ್ದರಿಂದ ಇನ್ನಿಬ್ಬರು ಬದುಕಿದ್ದರು ಅಂತ ಹೇಗೆ ಹೇಳುವುದು?

ನಿವೃತ್ತ_ಎಸ್‌ಐ

ಗ್ರೇ ವಿಷಯಕ್ಕೆ ನನ್ನ ಬಳಿ ಉತ್ತರವಿಲ್ಲ, ಮೇಷ್ಟ್ರೇ. ನಡತೆಯನ್ನು ಸಾಕ್ಷಿ ಮಾಡುವಾಗ ಆ ನಡತೆಗೆ ಬೇರೆ ಕಾರಣ ಇರಬಾರದು. ಇಲ್ಲಿ ಇದೆ.

ಹಾಗಿದ್ದರೂ ಮಕ್ಕಳನ್ನು ಕೊಂದಿದ್ದು ರಿಚರ್ಡನೇ ಅಂತ ನಾನು ಈಗಲೂ ಬರೆಯಲಾರೆ. ಹೆಣ ಇಲ್ಲ, ಕಂಡವರಿಲ್ಲ, ಕೊಂದ ದಿನ ಗೊತ್ತಿಲ್ಲ. ಮಹಜರು ಎಲ್ಲಿಂದ ಶುರು ಮಾಡುವುದು?

ಲೆಸ್ಟರ್_ಕನ್ನಡಿಗ

ಮೂಳೆಗಳಿವೆ, ಸರ್. ಕೋಟೆಯಲ್ಲಿ ಮೆಟ್ಟಿಲು ಕೆಡವುವಾಗ 1674ರಲ್ಲಿ ಎರಡು ಮಕ್ಕಳ ಮೂಳೆ ಸಿಕ್ಕಿ, ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಇಟ್ಟಿದ್ದಾರೆ. 1933ರಲ್ಲಿ ಒಮ್ಮೆ ತೆರೆದು ನೋಡಿದರು. ಆಗ ಡಿಎನ್‌ಎ ಪರೀಕ್ಷೆ ಇರಲಿಲ್ಲ. ಅವರದೇ ಅಂತ ಹೇಳಲು ಆಧಾರ ಸಾಲದು.

ವಾದ ಇನ್ನೂ ನಡೆಯುತ್ತಲೇ ಇದೆ. ರಿಚರ್ಡನ ಸಮಾಧಿ ಹುಡುಕಿಸಿದ ಫಿಲಿಪ್ಪಾ ಲ್ಯಾಂಗ್ಲಿ 2023ರಲ್ಲಿ, ಮಕ್ಕಳು ಬದುಕಿ ಯುರೋಪಿಗೆ ಹೋದರು ಅಂತ ಲೀಲ್ ನಗರದ ದಾಖಲೆ ತೋರಿಸಿದರು. ಮರುವರ್ಷ ಇತಿಹಾಸಕಾರ ಟಿಮ್ ಥಾರ್ನ್‌ಟನ್ ಇನ್ನೊಂದು ಕಾಗದ ತೋರಿಸಿದರು. 1516ರ ಒಂದು ಉಯಿಲು. ಬರೆಸಿದವಳು ಜೇಮ್ಸ್ ಟೈರೆಲ್‌ನ ಹತ್ತಿರದ ಸಂಬಂಧಿ ಮಾರ್ಗರೆಟ್ ಕೇಪಲ್. ಐದನೇ ಎಡ್ವರ್ಡನ ಸರ ಅವಳ ಬಳಿ ಇತ್ತು ಅಂತ ಅದರಲ್ಲಿದೆ. ಆ ಸರ ಟೈರೆಲ್ ಕುಟುಂಬಕ್ಕೆ ಹೇಗೆ ಬಂತು?

ನಿವೃತ್ತ_ಎಸ್‌ಐ

ಇದು ಮುದ್ದೆಮಾಲು! ಇಂಥದ್ದೇ ಬೇಕಿತ್ತು. ಸರ ಒಂದರಿಂದ ಕೊಲೆ ಸಾಬೀತಾಗುವುದಿಲ್ಲ. ಕಳ್ಳತನ ಇರಬಹುದು, ಉಡುಗೊರೆ ಇರಬಹುದು. ಆದರೆ ಆ ಮನೆಯವರನ್ನು ಕರೆದು ಕೂರಿಸಿ ಪ್ರಶ್ನೆ ಕೇಳಲು ಸಾಕು. ಗ್ರಾಂಟ್ ಇದ್ದಿದ್ದರೆ ಕ್ಯಾರಡೈನ್‌ನನ್ನು ಆ ಕ್ಷಣವೇ ಓಡಿಸುತ್ತಿದ್ದ.

ಪತ್ತೇದಾರಿಪ್ರಿಯೆ

ನಿಮ್ಮ ಮಾತುಗಳು ಪುಸ್ತಕಕ್ಕಿಂತ ರೋಚಕವಾಗಿವೆ, ನಿಜ ಹೇಳ್ತೀನಿ. ಆ ಟೋನಿಪ್ಯಾಂಡಿ ಪ್ರಸಂಗದ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ನನಗೆ ಇಷ್ಟವಾದ ಒಂದೇ ಭಾಗ ಅದು. ವೇಲ್ಸ್‌ನ ಗಣಿ ಕಾರ್ಮಿಕರ ಮೇಲೆ ಸೈನ್ಯ ಗುಂಡು ಹಾರಿಸಿತು ಅಂತ ಎಲ್ಲರೂ ನಂಬಿದ್ದಾರೆ, ಅದು ನಡೆದೇ ಇಲ್ಲ ಅನ್ನುತ್ತಾನಲ್ಲ ಗ್ರಾಂಟ್. ಗೊತ್ತಿದ್ದವರೂ ಸುಮ್ನೆ ಇದ್ದದ್ದರಿಂದ ಸುಳ್ಳು ಇತಿಹಾಸವಾಯಿತು ಅನ್ನುವ ಮಾತು.

ಇತಿಹಾಸದಮೇಷ್ಟ್ರು

ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಬೇಸರ ತಂದ ಭಾಗ ಅದೇ. ಟೋನಿಪ್ಯಾಂಡಿಯಲ್ಲಿ 1910ರ ನವೆಂಬರ್‌ನಲ್ಲಿ ಗುಂಡು ಹಾರಲಿಲ್ಲ, ಅಷ್ಟು ಸರಿ. ಆದರೆ ಗ್ರಾಂಟ್ ಹೇಳುವ ಹಾಗೆ ಒಂದೆರಡು ಮೂಗು ಒಡೆದು ಮುಗಿದ ಗಲಾಟೆಯೂ ಅಲ್ಲ. ನೂರಾರು ಜನರಿಗೆ ಗಾಯವಾಯಿತು. ಸ್ಯಾಮ್ಯುಯೆಲ್ ರೀಸ್ ಎಂಬ ಕಾರ್ಮಿಕ ತಲೆಗೆ ಪೆಟ್ಟು ಬಿದ್ದು ಸತ್ತ. ಗೃಹಮಂತ್ರಿ ಚರ್ಚಿಲ್ ಮೊದಲು ಸೈನ್ಯವನ್ನು ದಾರಿಯಲ್ಲಿ ತಡೆದರೂ ಆಮೇಲೆ ಸೈನ್ಯ ಬಂತು, ಆ ಕಣಿವೆಯಲ್ಲಿ ಬೀಡುಬಿಟ್ಟಿತು. ಮರುವರ್ಷ ಅದೇ ವೇಲ್ಸ್‌ನ ಲನೆಲ್ಲಿ ಊರಿನಲ್ಲಿ ರೈಲ್ವೆ ಮುಷ್ಕರದ ವೇಳೆ ಸೈನಿಕರು ಇಬ್ಬರನ್ನು ಗುಂಡಿಟ್ಟು ಕೊಂದರು. ಜನರ ನೆನಪು ಈ ಎರಡನ್ನೂ ಬೆರೆಸಿರಬಹುದು. ಆದರೆ ನೆನಪಿನ ಕೆಳಗೆ ನಿಜವಾದ ಗಾಯ ಇತ್ತು. ರಾಜನ ಬಗ್ಗೆ ಅಷ್ಟು ಕಾಳಜಿಯಿಂದ ದಾಖಲೆ ಹುಡುಕುವ ಪುಸ್ತಕ ಗಣಿ ಕಾರ್ಮಿಕರ ವಿಷಯಕ್ಕೆ ಬಂದಾಗ ಒಂದು ಪುಟದಲ್ಲಿ ಕೈತೊಳೆದುಕೊಂಡಿತು.

ಸಂಜೆಓದು

ಮೇಷ್ಟ್ರೇ, ಇದನ್ನು ಓದಿದ ಮೇಲೆ ಆ ಪುಟ ಮೊದಲಿನ ಹಾಗೆ ಓದಲು ಆಗುವುದಿಲ್ಲ. ಆದರೂ ಈ ಪುಸ್ತಕವನ್ನು ನಾನು ಇನ್ನೂ ಪ್ರೀತಿಸುತ್ತೇನೆ. ಇಷ್ಟು ಜನ ಕೂತು ಮಾನ್ಚಿನಿ, ಗ್ರೇ, ಲನೆಲ್ಲಿ ಅಂತ ಜಗಳ ಆಡುವ ಹಾಗೆ ಮಾಡಿದ್ದು ಅದೇ. ಕೊನೆಯಲ್ಲಿ 1768ರಲ್ಲಿ ಹೊರೇಸ್ ವಾಲ್‌ಪೋಲ್, 1906ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಇದನ್ನೆಲ್ಲ ಆಗಲೇ ಬರೆದಿದ್ದಾರೆ ಅಂತ ಗೊತ್ತಾಗಿ ಕ್ಯಾರಡೈನ್ ಕುಸಿದು ಕೂರುತ್ತಾನಲ್ಲ, ಅಲ್ಲಿ ಟೇ ತುಂಬ ಪ್ರಾಮಾಣಿಕವಾಗಿದ್ದಾರೆ. ಹೊಸದನ್ನು ಕಂಡುಹಿಡಿದೆ ಅಂತ ಎದೆ ತಟ್ಟಿಕೊಳ್ಳುವುದಿಲ್ಲ.

ಮುಂದಿನ ಓದಿಗೆ ಟೇ ಅವರದ್ದೇ 'ದ ಫ್ರಾಂಚೈಸ್ ಅಫೇರ್' ಇಟ್ಟುಕೊಳ್ಳೋಣವಾ? 1948ರದ್ದು. ಒಬ್ಬ ಶಾಲಾ ಹುಡುಗಿ, ಇಬ್ಬರು ಹೆಂಗಸರು ತನ್ನನ್ನು ಮನೆಯಲ್ಲಿ ಕೂಡಿಹಾಕಿ ಹೊಡೆದರು ಅಂತ ದೂರು ಕೊಡುತ್ತಾಳೆ. 1753ರಲ್ಲಿ ಲಂಡನ್ನಿನಲ್ಲಿ ನಿಜವಾಗಿ ನಡೆದ ಎಲಿಜಬೆತ್ ಕ್ಯಾನಿಂಗ್ ಕೇಸಿನ ಮೇಲೆ ಕಟ್ಟಿದ ಕಥೆ. ಗ್ರಾಂಟನಿಗೆ ಅಲ್ಲಿ ಸಣ್ಣ ಪಾತ್ರ, ಆ ಹೆಂಗಸರ ವಿರುದ್ಧದ ಕೇಸು ಅವನ ಕೈಯಲ್ಲಿದೆ.

ಪತ್ತೇದಾರಿಪ್ರಿಯೆ

ಅದರಲ್ಲಾದರೂ ಯಾರಾದರೂ ಮನೆಯಿಂದ ಹೊರಗೆ ಓಡಾಡ್ತಾರಾ?

ಸಂಜೆಓದು

ಓಡಾಡ್ತಾರೆ! ವಕೀಲನೊಬ್ಬ ಊರೂರು ಸುತ್ತುತ್ತಾನೆ, ಕೊನೆಗೆ ಕೋರ್ಟಿನ ದೃಶ್ಯವೂ ಇದೆ.

ನಿವೃತ್ತ_ಎಸ್‌ಐ

ನಾನು ಸಿದ್ಧ. ಆದರೆ ಕ್ಯಾನಿಂಗ್ ಕೇಸಿನ ನಿಜವಾದ ದಾಖಲೆ ಏನಿತ್ತು ಅಂತ ಮೇಷ್ಟ್ರು ಮೊದಲೇ ಹೇಳಿಬಿಡಬಾರದು. ನಾವೆಲ್ಲ ಓದಿ ಮುಗಿಸುವವರೆಗೂ ಕಾಯಬೇಕು.

ಇತಿಹಾಸದಮೇಷ್ಟ್ರು

ಆಗಲಿ, ಕಾಯ್ತೀನಿ. ಹುಡುಗಿಯ ಹೇಳಿಕೆಯಲ್ಲಿ ಮನೆಯ ಒಳಗಿನ ವಿವರ ಬರುವ ಜಾಗವನ್ನು ಮಾತ್ರ ಎಲ್ಲರೂ ಗುರುತು ಹಾಕಿಟ್ಟುಕೊಳ್ಳಿ, ಚರ್ಚೆ ಅಲ್ಲಿಂದ ಶುರು ಮಾಡೋಣ.